ಸಹಾಯ ಬೇಕು: ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿಗೆ ನಿಯಮ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಈ ವರ್ಷದಿಂದ ಹೈಸ್ಕೂಲ್ ಹುಡುಗಿಯರ ಟೀಮಿಗೆ ನಾನೇ ಕೋಚ್. ಇರುವವರು 12 ಜನ, ಒಮ್ಮೆಗೆ ಆಡುವವರು 5. ಉಳಿದ 7 ಜನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂರುತ್ತಾರೆ (ಅವರದ್ದೂ ತಪ್ಪಲ್ಲ ಬಿಡಿ).

ಮೊನ್ನೆ ಎಲ್ಲರಿಗಿಂತ ಚೆನ್ನಾಗಿ ಆಡುವವಳೇ ಪ್ರಾಕ್ಟೀಸಿಗೆ 20 ನಿಮಿಷ ತಡವಾಗಿ ಬಂದಳು, ನಾನು ಸುಮ್ನೆ ಬಿಟ್ಟೆ, ಮರುದಿನ ನೋಡಿದರೆ ನಾಲ್ಕು ಜನ ಲೇಟು! ಇನ್ನೊಬ್ಬಳು ಪಾಸ್ ಹಿಡಿಯದೆ ಬಿಟ್ಟಿದ್ದಕ್ಕೆ ಸೀನಿಯರ್ ಎಲ್ಲರೆದುರು ರೇಗಿದಳು. ಅವತ್ತಿಂದ ಆ ಹುಡುಗಿ ಬಾಲ್ ಕೇಳುವುದನ್ನೇ ಬಿಟ್ಟಿದ್ದಾಳೆ. ನನಗೆ ಇದೇ ಜಾಸ್ತಿ ಚಿಂತೆ.

ನಿಯಮಗಳನ್ನು ಹುಡುಗಿಯರ ಕೈಯಲ್ಲೇ ಬರೆಸಲಾ? ಲೇಟಾದವರು ಯಾರೇ ಆಗಲಿ, ಮ್ಯಾಚಿನ ಮೊದಲ ಕ್ವಾರ್ಟರ್ (ಕಾಲು ಭಾಗ) ಹೊರಗೆ ಕೂರಿಸಿದರೆ ಸರಿ ಅಲ್ವಾ? ಯಾರಿಗೆ ಎಷ್ಟು ಹೊತ್ತು ಆಟ ಅಂತ ಪೋಷಕರಿಗೆ ಮೊದಲೇ ಹೇಳಿ ನೋಡಿದವರಿದ್ದರೆ, ಹೇಗೆ ಹೇಳಿದಿರಿ ಅಂತ ದಯವಿಟ್ಟು ತಿಳಿಸಿ.