ಸಹಾಯ ಬೇಕು: ಲಿನಕ್ಸ್ ಮಿಂಟ್ ಹಾಕಿದ ಮೇಲೆ ವೈಫೈ ಮಾಯ

ನಮಸ್ಕಾರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ವಾ, ಆಗಿನಿಂದ ಬೀದಿಯವರ ಹಳೇ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿಕೊಡುತ್ತಿದ್ದೇನೆ. ಅದನ್ನು ಹೊಗಳಿದ್ದು ಸ್ವಲ್ಪ ಜಾಸ್ತಿಯೇ ಆಯ್ತೇನೋ!

ಈಗ ಪಕ್ಕದ ಮನೆ ಅಜ್ಜನ ಲ್ಯಾಪ್‌ಟಾಪ್‌ನಲ್ಲಿ ವೈಫೈ ಪಟ್ಟಿಯೇ ಬರುತ್ತಿಲ್ಲ. ಎಲ್‌ಎಸ್‌ಪಿಸಿಐ (ಒಳಗಿನ ಹಾರ್ಡ್‌ವೇರ್ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ವೈಫೈ ಚಿಪ್ ಬ್ರಾಡ್‌ಕಾಮ್ ಬಿಸಿಎಂ43142 ಅಂತ ತೋರಿಸುತ್ತದೆ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ನೆಟ್ ಕೊಟ್ಟೆ, ಡ್ರೈವರ್ ಮ್ಯಾನೇಜರ್‌ನಿಂದ ಆ ಚಿಪ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಹಾಕಿದೆ, ರೀಬೂಟ್ ಮಾಡಿದೆ. ಅದೇ ಕಥೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಲೋಡ್ ಆಗದಂತೆ ತಡೆಯುವ ವ್ಯವಸ್ಥೆ) ಆನ್ ಇದೆ. ಅದೇ ಡ್ರೈವರನ್ನು ತಡೆಯುತ್ತಿದೆಯಾ? ಆಫ್ ಮಾಡಲಾ, ಇಲ್ಲಾ ಡ್ರೈವರ್‌ನ ಸಹಿಯನ್ನು ಅದು ಒಪ್ಪುವಂತೆ ಕೀ ಸೇರಿಸಬೇಕಾ?

ಬೇರೆ ಕಡೆ ಕೇಳಿದ್ದಕ್ಕೆ ‘ಮೊದಲು ಮ್ಯಾನ್ಯುಯಲ್ ಓದಪ್ಪ’ ಅಂದರು. ಓದಿಯೇ ಬಂದಿದ್ದೇನೆ ಸ್ವಾಮಿ. ಭಾನುವಾರ ಅಜ್ಜನಿಗೆ ಮೊಮ್ಮಗಳ ವಿಡಿಯೋ ಕಾಲ್ ಇದೆ. ಸರಿಹೋದರೆ ಏನು ಮಾಡಿದೆ ಅಂತ ಇಲ್ಲೇ ಬರೆಯುತ್ತೇನೆ.