ಪಿಟೀಲು ತಯಾರಿಕೆಯಲ್ಲಿ ಎಂಜಿನಿಯರಿಂಗ್: ನಿಜಕ್ಕೂ ಕೆಲಸಕ್ಕೆ ಬಂದದ್ದು ಯಾವುದು?

ಕೇಳಿದವರು, ಹುಬ್ಬಳ್ಳಿ

ನಾನು ಮೆಕ್ಯಾನಿಕಲ್ ಎಂಜಿನಿಯರ್. ಅಪ್ಪ ಮರಗೆಲಸದವರು, ಹಾಗಾಗಿ ಉಳಿ ಹಿಡಿದು ಅಭ್ಯಾಸವಿದೆ. ಇಲ್ಲಿಯವರೆಗೆ ಎರಡು ಪಿಟೀಲು ಮಾಡಿದ್ದೇನೆ. ಎರಡಕ್ಕೂ ಇಟಲಿಯ ಹಳೆಯ ಕಾಲದ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯ ಒಂದೇ ನಕ್ಷೆ, ಒಂದೇ ದಪ್ಪ. ಆದರೂ ಒಂದರ ದನಿ ಬಿಚ್ಚಿಕೊಂಡು ಬರುತ್ತದೆ, ಇನ್ನೊಂದು ಮೂಗಿನಲ್ಲಿ ಮಾತಾಡಿದ ಹಾಗಿದೆ. ಮೂರನೆಯದಕ್ಕೆ ಮರ ತಂದಿಟ್ಟಿದ್ದೇನೆ. ಇದು ಕರ್ನಾಟಕ ಸಂಗೀತ ನುಡಿಸುವವರಿಗೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ), ಸಿಮ್ಯುಲೇಷನ್, ಕಂಪನದ ಅಳತೆ ಇವುಗಳಲ್ಲಿ ನಿಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಯಾವುದು? ಮಾಡಿದವರು, ನುಡಿಸುವವರು ದಯವಿಟ್ಟು ಹೇಳಿ.

ಬೆಂಗಳೂರು, ವಾಹನಗಳ ಕಂಪನ ಪರೀಕ್ಷೆಯ ಕೆಲಸ, 11 ವರ್ಷದಿಂದ ಪಿಟೀಲು ತಯಾರಿ

ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅಳತೆ ಒಂದೇ, ಆದರೆ ಮರ ಬೇರೆ. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರ, ಒಂದೇ ಮರದ ಎರಡು ತುಂಡುಗಳೂ ಒಂದೇ ಥರ ಇರುವುದಿಲ್ಲ. ಸ್ಟ್ರಾಡಿವೇರಿ ಒಂದು ದಪ್ಪಕ್ಕೆ ಬಂದು ಕೈ ನಿಲ್ಲಿಸಿದ್ದು ತನ್ನ ಎದುರಿಗಿದ್ದ ಮರವನ್ನು ನೋಡಿ. ನಾವು ಆ ಸಂಖ್ಯೆಯನ್ನಷ್ಟೇ ತೆಗೆದುಕೊಂಡರೆ ಅವನು ಬಗ್ಗಿಸಿ, ತಟ್ಟಿ ನೋಡಿದ್ದು ಬಿಟ್ಟೇ ಹೋಗುತ್ತದೆ.

ಆದ್ದರಿಂದ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಉಪಕರಣ ಅಂದರೆ ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಸಣ್ಣ ತಕ್ಕಡಿ. ಕೆತ್ತೋಕೆ ಮೊದಲು ತುಂಡನ್ನು ಚೌಕಾಕಾರಕ್ಕೆ ತಂದು ತೂಗಿ. ಒಳ್ಳೆಯ ಸ್ಪ್ರೂಸ್ ಘನ ಸೆಂಟಿಮೀಟರಿಗೆ ಸುಮಾರು 0.35ರಿಂದ 0.45 ಗ್ರಾಂ ಇರುತ್ತದೆ. ಆಮೇಲೆ ತುಂಡನ್ನು ನಡುವೆ ಎರಡು ಬೆರಳಲ್ಲಿ ಹಿಡಿದು, ಒಂದು ತುದಿಯನ್ನು ಉದ್ದಕ್ಕೆ ತಟ್ಟಿ. ಸಣ್ಣಗೆ ‘ಟಿಣ್’ ಅನ್ನುತ್ತೆ. ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಆ ಫ್ರೀಕ್ವೆನ್ಸಿ ಸಿಗುತ್ತದೆ. ಅದನ್ನು ಉದ್ದದಿಂದ ಗುಣಿಸಿ ಎರಡರಷ್ಟು ಮಾಡಿದರೆ ಮರದೊಳಗೆ ಶಬ್ದದ ವೇಗ ಬಂತು. 40 ಸೆಂಟಿಮೀಟರ್ ತುಂಡು 6,900 ಹರ್ಟ್ಜ್ ಕೊಟ್ಟರೆ ವೇಗ ಸೆಕೆಂಡಿಗೆ ಸುಮಾರು 5,500 ಮೀಟರ್. ಹಗುರವಾಗಿದ್ದು ವೇಗ ಜಾಸ್ತಿ ಇದ್ದರೆ ಮೇಲ್ಹಲಗೆಗೆ ಒಳ್ಳೆಯ ಮರ. ಇಷ್ಟಕ್ಕೆ ಯಾವ ಲ್ಯಾಬೂ ಬೇಡ.

ಕೆತ್ತುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 3.0 ಮಿಲಿಮೀಟರನ್ನು 2.7ಕ್ಕೆ ತಂದರೆ ತೂಕ ಶೇಕಡಾ 10 ಇಳಿಯುತ್ತದೆ, ಬಿಗಿ ಮಾತ್ರ ಶೇಕಡಾ 27 ಇಳಿಯುತ್ತದೆ. ಕೊನೆಯ ನಾಲ್ಕೈದು ಸಲ ಸ್ಕ್ರೇಪರ್ ಎಳೆಯುವಾಗ ಕೈ ಯಾಕೆ ಅಷ್ಟು ನಿಧಾನವಾಗಬೇಕು ಅನ್ನೋದು ಈ ಲೆಕ್ಕ ಗೊತ್ತಾದ ಮೇಲೆಯೇ ನನಗೆ ಅರ್ಥವಾಗಿದ್ದು.

ಇನ್ನು ತಟ್ಟಿ ನೋಡುವ ವಿದ್ಯೆ. ಮರಳು ಉದುರಿಸಿದ ತಟ್ಟೆಯ ಮೇಲೆ ಕಂಪನದ ಚಿತ್ತಾರ ಮೂಡುವುದನ್ನು ಜರ್ಮನಿಯ ವಿಜ್ಞಾನಿ ಕ್ಲಾಡ್ನಿ 1787ರಲ್ಲೇ ಪ್ರಕಟಿಸಿದ್ದರು. ಅದನ್ನು ಪಿಟೀಲು ಮಾಡುವವರ ಮೇಜಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಕಾರ್ಲೀನ್ ಹಚಿನ್ಸ್ (1911–2009). ಅವರು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ನಾನು ಮಾಡುವುದೂ ಅವರ ದಾರಿಯಲ್ಲೇ. ಮೇಲ್ಹಲಗೆಯನ್ನು ಒಳಮೈ ಮೇಲೆ ಮಾಡಿ ನಾಲ್ಕು ಸ್ಪಂಜಿನ ಚೂರುಗಳ ಮೇಲೆ ಇಡುತ್ತೇನೆ. ಕೆಳಗೆ ಸ್ಪೀಕರ್, ಮೇಲೆ ಚಹಾಪುಡಿ. ಸ್ವರವನ್ನು ನಿಧಾನವಾಗಿ ಏರಿಸುತ್ತಾ ಹೋದರೆ ಪುಡಿ ಮೊದಲು ಸುಮ್ನೆ ನಡುಗುತ್ತದೆ. 170 ಹರ್ಟ್ಜ್ ಹತ್ತಿರ ಗುಣಾಕಾರದ ಚಿಹ್ನೆಯ ಹಾಗೆ ಸಾಲುಗಟ್ಟುತ್ತದೆ. 340 ದಾಟುತ್ತಿದ್ದಂತೆ ಇಡೀ ಪುಡಿ ಎದ್ದು ಕುಣಿದು, ಅಂಚಿನ ಒಳಗೆ ಉಂಗುರದಂತೆ ಕೂತುಬಿಡುತ್ತದೆ. ಉಂಗುರ ಒಂದು ಕಡೆ ಮುರಿದಿದ್ದರೆ ಹಲಗೆಯ ಎರಡು ಬದಿ ಸಮನಾಗಿಲ್ಲ ಅಂತ ನನಗೆ ಅನುಮಾನ ಬರುತ್ತದೆ. ನೂರಾರು ಸಲ ನೋಡಿದ್ದೇನೆ. ಇವತ್ತಿಗೂ ಮನೆಯವರನ್ನು ಕರೆದು ತೋರಿಸುತ್ತೇನೆ.

ಆದರೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಈ ಎರಡು ಚಿತ್ತಾರಗಳ ನಡುವೆ ಸರಿಯಾಗಿ ಒಂದು ಸ್ಥಾಯಿ ಅಂತರ (ಅಂದರೆ ಒಂದರ ಫ್ರೀಕ್ವೆನ್ಸಿ ಇನ್ನೊಂದರ ಎರಡರಷ್ಟು) ಇದ್ದರೆ ಒಳ್ಳೆಯದು ಅನ್ನುವ ಮಾತಿದೆ. ನಾಲ್ಕನೇ ಪಿಟೀಲಿನಲ್ಲಿ ಅದರ ಹಿಂದೆ ಬಿದ್ದೆ. ಒಂದೊಂದು ಹರ್ಟ್ಜ್‌ಗಾಗಿ ಕೆರೆಯುತ್ತಾ ಮೇಲ್ಹಲಗೆ ಕೆಲವು ಕಡೆ 2.2 ಮಿಲಿಮೀಟರಿಗೆ ಬಂತು. ಸಂಖ್ಯೆ ಕೂಡಿತು. ದನಿ ಮಾತ್ರ ಪೊಳ್ಳು. ಎಂಟು ತಿಂಗಳಿಗೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕೆಳಗೆ ಹಲಗೆ ಕುಸಿಯತೊಡಗಿತು. ಬಿಡಿ ಹಲಗೆಯನ್ನು ಪಕ್ಕದ ಪಟ್ಟಿಗಳಿಗೆ ಅಂಟಿಸಿದ ಮೇಲೆ ಅದರ ಕಂಪನವೇ ಬೇರೆಯಾಗುತ್ತದೆ. ಅದಕ್ಕೇ ಈಗ ಆ ಚಿತ್ತಾರ ನನಗೆ ಒಂದು ಸುಳಿವು ಅಷ್ಟೆ. ಮುಗಿದ ವಾದ್ಯವನ್ನೂ ಕುದುರೆಯ ಬದಿಗೆ ಮೆಲ್ಲಗೆ ತಟ್ಟಿ ಅಳೆಯುತ್ತೇನೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತೇನೆ. ದಿನಾಂಕ, ಕೋಣೆಯ ತೇವಾಂಶ ಸಮೇತ. ಜುಲೈನಲ್ಲಿ 72 ಗ್ರಾಂ ತೂಗಿದ ಹಲಗೆ ಮಾರ್ಚ್‌ನಲ್ಲಿ 70 ತೂಗಿದ್ದನ್ನು ನೋಡಿದ್ದೇನೆ. ತೇವಾಂಶ ಬರೆದಿಡದಿದ್ದರೆ ಆ ಎರಡು ಗ್ರಾಂ ನಾನೇ ಕೆರೆದದ್ದು ಅಂದುಕೊಳ್ಳುತ್ತಿದ್ದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇದನ್ನು ನಾನು ಕಲಿತದ್ದು ಸಿ.ವಿ. ರಾಮನ್ ಅವರಿಂದ. ನಮ್ಮ ಬೆಂಗಳೂರಿಗೆ ಬರುವ ಎಷ್ಟೋ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಪಿಟೀಲಿನ ತಂತಿಯ ಕಂಪನದ ಬಗ್ಗೆ 1918ರಲ್ಲಿ ದೊಡ್ಡ ಪ್ರಬಂಧ ಬರೆದರು. ಆಮೇಲೆ ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ನಿಂತಿರುತ್ತದೆ, ಪಿಟೀಲೇ ಹಿಂದೆ ಮುಂದೆ ಓಡಾಡುತ್ತದೆ! ಕಮಾನಿನ ವೇಗ ಮತ್ತು ಒತ್ತಡ ಎರಡೂ ಹಿಡಿತದಲ್ಲಿರಬೇಕು ಅನ್ನುವುದಕ್ಕೆ ಅಷ್ಟು ಪಾಡುಪಟ್ಟರು.

ಮೈಸೂರು, ವಾದ್ಯ ರಿಪೇರಿ

ಮೇಲಿನವರು ಹೇಳಿದ್ದು ಸರಿ. ನಾನು ಹೇಳುವುದು ಚಿಕ್ಕದು. ಮೂಗಿನ ದನಿಯ ಪಿಟೀಲನ್ನು ಬಿಚ್ಚಲು ಹೋಗಬೇಡಿ. ಮೊದಲು ಸೌಂಡ್‌ಪೋಸ್ಟ್ ನೋಡಿ. ಒಳಗೆ ನಿಂತಿರುವ ಆ ಕಡ್ಡಿ ಅರ್ಧ ಮಿಲಿಮೀಟರ್ ಸರಿದರೂ ದನಿ ಬದಲಾಗುತ್ತದೆ. ಎರಡನೆಯದು ಕುದುರೆ. ಸರಿಯಾಗಿ ಕೊರೆದ ಕುದುರೆ ಸುಮಾರು ಎರಡು ಗ್ರಾಂ ಇರುತ್ತದೆ. ದಪ್ಪ ಬಿಟ್ಟಿದ್ದರೆ ದನಿ ಮಂಕಾಗುತ್ತದೆ. ಇವೆರಡನ್ನೂ ವಾಪಸ್ ಮೊದಲಿನ ಹಾಗೆ ಮಾಡಬಹುದು. ಕೆರೆದ ಹಲಗೆಗೆ ಮರ ವಾಪಸ್ ಬರಲ್ಲ, ಅಲ್ವಾ?

ಎಂಜಿನಿಯರ್‌ಗಳಿಗೆ ಇನ್ನೊಂದು ಮಾತು. ಗಟ್ಟಿ ಅಂಟು ಒಳ್ಳೆಯ ಅಂಟು ಅಂತ ಎಪಾಕ್ಸಿ ಹಾಕಿ ತಂದ ಪಿಟೀಲು ನನ್ನ ಹತ್ತಿರ ಬಂದಿದೆ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಅಂಟು ಬಿಡಲಿಲ್ಲ, ಹಲಗೆಯೇ ಸೀಳಿತು. ಹಳೆಯವರ ತೊಗಲಿನ ಅಂಟು ಅಂಥ ಹೊತ್ತಿನಲ್ಲಿ ತಾನು ಬಿಟ್ಟುಕೊಟ್ಟು ಮರವನ್ನು ಉಳಿಸುತ್ತದೆ. ಮನೆಯ ಫ್ಯೂಸ್ ಇದ್ದ ಹಾಗೆ. ಬಿಸಿನೀರು, ತೆಳು ಚಾಕು ಇದ್ದರೆ ಬಿಚ್ಚಿ ಮತ್ತೆ ಅಂಟಿಸಬಹುದು.

ಬೆಂಗಳೂರು, ಕರ್ನಾಟಕ ಸಂಗೀತದ ಪಿಟೀಲು ವಾದಕಿ

ಶ್ರುತಿಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಓದುವ ಸಂಶೋಧನೆಯಲ್ಲಿ ಹೆಚ್ಚಿನದು ಪಾಶ್ಚಾತ್ಯ ಶ್ರುತಿಗೆ, ಜಿ-ಡಿ-ಎ-ಇ ತಂತಿಗಳಿಗೆ ಮಾಡಿದ್ದು. ನಾವು ಸ-ಪ-ಸ-ಪ ಕೂಡಿಸುತ್ತೇವೆ. ನನ್ನ ಷಡ್ಜ ಅವರ ಇ ಸ್ವರ. ಅಂದರೆ ಎ ತಂತಿ ಇ ಸ್ವರಕ್ಕೆ ಇಳಿಯುತ್ತದೆ, 440ರಿಂದ 330 ಹರ್ಟ್ಜ್‌ಗೆ. ನನ್ನ ತಮ್ಮ ಲೆಕ್ಕ ಹಾಕಿ ತೋರಿಸಿದ. ಅದೇ ತಂತಿಯಾದರೆ ಬಿಗಿತ ಶೇಕಡಾ 56ಕ್ಕೆ ಇಳಿಯುತ್ತದಂತೆ. ಕೆಳಗಿನ ಎರಡು ತಂತಿಗಳಲ್ಲಿ ಶೇಕಡಾ 71ಕ್ಕೆ. ಕುದುರೆಯ ಮೇಲಿನ ಹೊರೆ ಅಷ್ಟು ಕಡಿಮೆಯಾದರೆ ವಾದ್ಯದ ಮಾತೇ ಬೇರೆಯಾಗುತ್ತೆ. ಅಂಗಡಿಯಲ್ಲಿ ಪಾಶ್ಚಾತ್ಯ ಶ್ರುತಿಯಲ್ಲಿ ಝಗ್ ಅಂತ ಕೇಳಿದ ಪಿಟೀಲನ್ನು ಮನೆಗೆ ತಂದು ಇಳಿಸಿದಾಗ ಮಂಕಾದದ್ದು ನನ್ನದೇ ಅನುಭವ. ದಪ್ಪ ತಂತಿ ಹಾಕಿದ ಮೇಲೆ ಸ್ವಲ್ಪ ಚೇತರಿಸಿಕೊಂಡಿತು.

ಪಿಟೀಲಿನ ಒಳಗಿನ ಗಾಳಿಯ ಕಂಪನ 270–280 ಹರ್ಟ್ಜ್ ಹತ್ತಿರ ಇರುತ್ತದೆ ಅನ್ನುತ್ತಾರೆ. ಪಾಶ್ಚಾತ್ಯರಿಗೆ ಅದು ಡಿ ತಂತಿಗೆ ಆಸರೆ. ನನಗೆ ಅದು ಮಂದ್ರ ಪಂಚಮದ ತಂತಿಯಲ್ಲಿ ಧೈವತದ ಆಸುಪಾಸಿಗೆ ಬೀಳುತ್ತದೆ. ತೋಡಿ ರಾಗ ನುಡಿಸುವಾಗ ಅಲ್ಲಿ ದನಿ ತಟ್ಟನೆ ಉಬ್ಬುತ್ತದೆ. ಯಾರಾದರೂ ಇದನ್ನು ನಮ್ಮ ಶ್ರುತಿಗೆ ಅಳೆದು ಮಾಡಿದರೆ ನಾನು ಖಂಡಿತ ಕೊಳ್ಳುತ್ತೇನೆ.

ನಮ್ಮಲ್ಲಿ ಪಿಟೀಲನ್ನು ಬದಲಿಸುವ ಧೈರ್ಯ ಹೊಸದೇನಲ್ಲ. ಮೈಸೂರು ಚೌಡಯ್ಯನವರು ದೊಡ್ಡ ಸಭೆಗಳಿಗೆ ದನಿ ಮುಟ್ಟಲೆಂದು ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು.

ಮ್ಯೂನಿಕ್ ಹತ್ತಿರ, ಆಟೊಮೊಬೈಲ್ ಕಂಪನಿಯಲ್ಲಿ ಸಿಮ್ಯುಲೇಷನ್ ಕೆಲಸ, ವಾರಾಂತ್ಯದಲ್ಲಿ ಪಿಟೀಲು

ಸಿಎನ್‌ಸಿ ಬಗ್ಗೆ ಕೇಳಿದ್ದೀರಿ. ಒರಟು ಕೆತ್ತನೆಗೆ ಬಹಳ ಒಳ್ಳೆಯದು. ನಾನು ಒಂದು ಮಿಲಿಮೀಟರ್ ಉಳಿಸಿ ನಿಲ್ಲಿಸುತ್ತೇನೆ, ಮಿಕ್ಕಿದ್ದು ಕೈಯಲ್ಲಿ. ಸಿಮ್ಯುಲೇಷನ್ ಮಾಡೋಕೆ ಹೋದರೆ ಮರ ಉಕ್ಕಿನ ಥರ ಅಲ್ಲ ಅನ್ನೋದು ಮೊದಲ ದಿನವೇ ಗೊತ್ತಾಗುತ್ತೆ. ಒಂದು ತುಂಡಿಗೆ ಮರದ ಗುಣ ಹೇಳುವ ಒಂಬತ್ತು ಸ್ಥಿರಾಂಕ ಬೇಕು. ಸ್ಪ್ರೂಸ್ ಎಳೆಯುದ್ದಕ್ಕೆ ಇರುವಷ್ಟು ಬಿಗಿ ಅಡ್ಡಕ್ಕೆ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ‘ಬೇಸ್‌ಬಾರ್ (ಮೇಲ್ಹಲಗೆಯ ಒಳಗೆ ಉದ್ದಕ್ಕೆ ಅಂಟಿಸುವ ಪಟ್ಟಿ) ಇಷ್ಟು ಸರಿಸಿದರೆ ಯಾವ ಕಡೆಗೆ ಬದಲಾಗುತ್ತೆ’ ಅನ್ನುವಂಥ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ‘ದನಿ ಚೆನ್ನಾಗಿರುತ್ತಾ’ ಅಂದರೆ ಕೊಡಲ್ಲ.

ಹೊಸ ಪಿಟೀಲು ಹಳೆಯದಕ್ಕೆ ಸಮ ಆಗುತ್ತಾ ಅನ್ನುವ ಅಳುಕಿದ್ದರೆ ಬಿಡಿ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಜೊತೆಯವರು 21 ವಾದಕರಿಗೆ ವಾದ್ಯ ಸರಿಯಾಗಿ ಕಾಣದಂತೆ ಕಪ್ಪು ಕನ್ನಡಕ ಹಾಕಿಸಿ ಆರು ಪಿಟೀಲು ನುಡಿಸಲು ಕೊಟ್ಟರು. ಮೂರು ಹೊಸತು. ಮೂರು ಹಳತು, ಅದರಲ್ಲಿ ಎರಡು ಸ್ಟ್ರಾಡಿವೇರಿ. ಮನೆಗೆ ಒಯ್ಯಲು ಯಾವುದು ಬೇಕು ಅಂದಾಗ 13 ಮಂದಿ ಹೊಸದನ್ನು ಆರಿಸಿದರು.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಹೊಸ ಮರವನ್ನು ತೂಗಿ, ತಟ್ಟಿ ನೋಡಿದೆ. ಸಾಂದ್ರತೆ 0.38, ವೇಗ 5,700. ಮೊದಲೆರಡು ಪಿಟೀಲಿನ ಉಳಿದ ಚೂರುಗಳು ಅಟ್ಟದಲ್ಲಿದ್ದವು, ಅವನ್ನೂ ತೂಗಿದೆ. ಬಿಚ್ಚಿದ ದನಿಯದು 0.39, ಮೂಗಿನ ದನಿಯದು 0.46. ಎರಡಕ್ಕೂ ಒಂದೇ ದಪ್ಪ ಇಟ್ಟಿದ್ದೆ! ಭಾರದ ಮರಕ್ಕೆ ಅದು ಹೆಚ್ಚಾಗಿರಬೇಕು.

ಮೈಸೂರಿನವರು ಹೇಳಿದಂತೆ ಸೌಂಡ್‌ಪೋಸ್ಟ್ ಮಾತ್ರ ಅರ್ಧ ಮಿಲಿಮೀಟರ್ ಹಿಂದಕ್ಕೆ ಸರಿಸಿದೆ. ಮೂಗಿನ ದನಿ ಕಡಿಮೆಯಾಗಿದೆ, ಹೋಗಿಲ್ಲ. ಕುದುರೆ ತೂಗಿದರೆ 2.7 ಗ್ರಾಂ. ನಾಳೆ ಅದನ್ನು ತೆಳ್ಳಗೆ ಮಾಡುತ್ತೇನೆ. ಮೂರನೆಯದನ್ನು ವಾರ್ನಿಷ್ ಹಾಕುವ ಮೊದಲೇ ತಂತಿ ಕಟ್ಟಿ, ಇ ಸ್ವರಕ್ಕೆ ಕೂಡಿಸಿ, ಬೆಂಗಳೂರಿನ ವಾದಕಿಯವರ ಹತ್ತಿರ ತರಬಹುದಾ?

ಬೆಂಗಳೂರು, ಪಿಟೀಲು ವಾದಕಿ

ತನ್ನಿ. ತಂಬೂರಿ ಕೂಡಿಸಿ ಇಟ್ಟಿರುತ್ತೇನೆ. ಮೊದಲು ತೋಡಿ ನುಡಿಸೋಣ.