ಇಂಟರ್ನೆಟ್‌ಗೆ ಸರ್ಕಾರದ ರೂಲ್ಸ್ ಬೇಕಾ? ನೆಟ್‌ವರ್ಕ್ ಇಂಜಿನಿಯರ್ ಹತ್ರ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹೋದ ವಾರ ಗ್ರೂಪಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದ್ರೆ ಇಂಟರ್ನೆಟ್ ಕಂಪನಿ ಎಲ್ಲಾ ಸೈಟು, ಆಪುಗಳನ್ನೂ ಒಂದೇ ಥರ ನೋಡ್ಬೇಕು ಅನ್ನೋ ರೂಲ್ ಬಗ್ಗೆ ದೊಡ್ಡ ಜಗಳಾನೇ ಆಯ್ತಲ್ಲ, ಅರ್ಧ ಜನ ಸರ್ಕಾರ ಇದ್ರಲ್ಲಿ ಕೈ ಹಾಕ್ಲೇಬಾರ್ದು ಅಂದ್ರು, ಇನ್ನರ್ಧ ಜನ ಕಂಪನಿಗಳನ್ನ ಹಾಗೇ ಬಿಟ್ರೆ ನುಂಗಿ ನೀರು ಕುಡೀತಾವೆ ಅಂದ್ರು. ಅದಕ್ಕೇ ಈ ಸಲದ ಪ್ರಶ್ನೋತ್ತರಕ್ಕೆ ನಮ್ಮ ಗ್ರೂಪಿನವರೇ ಆದ ಮೇಡಂ ಒಬ್ರು ಒಪ್ಕೊಂಡಿದಾರೆ. ಮುಂಚೆ ಬ್ರಾಡ್‌ಬ್ಯಾಂಡ್ ಕಂಪನಿಯ ನಾಕ್‌ನಲ್ಲಿ, ಅಂದ್ರೆ ನೆಟ್‌ವರ್ಕ್ ಕಾಯೋ ಕಂಟ್ರೋಲ್ ರೂಮಲ್ಲಿ, ಶಿಫ್ಟ್ ಮಾಡ್ತಿದ್ರು, ಈಗ ಬೆಂಗಳೂರಿನ ಸಣ್ಣ ಐಎಸ್‌ಪಿಗಳಿಗೆ (ಇಂಟರ್ನೆಟ್ ಕನೆಕ್ಷನ್ ಕೊಡೋ ಕಂಪನಿಗಳಿಗೆ) ಲೈಸೆನ್ಸು, ನೆಟ್‌ವರ್ಕ್ ಡಿಸೈನು ಎರಡಕ್ಕೂ ಸಲಹೆ ಕೊಡ್ತಾರೆ. ನಿಮ್ಮನೆ ಕನೆಕ್ಷನ್ ಕಂಪನಿ ಹೆಸರು ಹಾಕಿ ಬೈಬೇಡಿ, ಹಾಕಿದ್ರೆ ಕಾಮೆಂಟ್ ಡಿಲೀಟ್.

ಪ್ರಶ್ನೆ, ವಿಜಯನಗರದಿಂದ: ಮೇಡಂ, ನೇರವಾಗೇ ಕೇಳ್ತೀನಿ. ಅಮೆರಿಕದಲ್ಲಿ ನೆಟ್ ನ್ಯೂಟ್ರಾಲಿಟಿ ತೆಗ್ದಾಕಿದ್ರು, ಪ್ರಳಯ ಏನೂ ಆಗ್ಲಿಲ್ಲ. ಮತ್ತೆ ಇಲ್ಲಿ ಯಾಕಿಷ್ಟು ತಲೆಬಿಸಿ? ಕಾಂಪಿಟಿಷನ್ ಇದ್ರೆ ಮಾರ್ಕೆಟ್ಟೇ ನೋಡ್ಕೊಳತ್ತೆ ಅಲ್ವಾ?

ಉತ್ತರ: ಅಲ್ಲಿ ತೆಗೆದಿದ್ದು ಹಾಕಿದ್ದು ಒಂದು ಸಲ ಅಲ್ಲ ಸರ್. 2015ರಲ್ಲಿ ಅಲ್ಲಿನ ಟೆಲಿಕಾಂ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ರೂಲ್ಸ್ ತಂತು, 2017ರ ಡಿಸೆಂಬರಲ್ಲಿ 3-2 ವೋಟಲ್ಲಿ ಅದನ್ನ ತೆಗೀತು, 2024ರ ಏಪ್ರಿಲಲ್ಲಿ ಮತ್ತೆ ತಂತು, 2025ರ ಜನವರಿ 2ಕ್ಕೆ ಅಲ್ಲಿನ 6ನೇ ಸರ್ಕ್ಯೂಟ್ ಅಪೀಲು ಕೋರ್ಟು ಹೊಡೆದಾಕ್ತು. ಸರ್ಕಾರ ಬದಲಾದಂಗೆಲ್ಲ ರೂಲೂ ಬದಲಾಗ್ತಿದ್ರೆ ಯಾವ ಕಂಪನಿ ಧೈರ್ಯವಾಗಿ ಹಳೇ ಚಾಳಿ ಶುರು ಮಾಡತ್ತೆ ಹೇಳಿ, ಅದೂ ಅಲ್ದೆ ಕ್ಯಾಲಿಫೋರ್ನಿಯಾ 2018ರಲ್ಲೇ ತನ್ನದೇ ಕಾನೂನು ಮಾಡ್ಕೊಂಡಿದೆ, ಅಷ್ಟು ದೊಡ್ಡ ರಾಜ್ಯಕ್ಕೊಂದು ನೆಟ್‌ವರ್ಕು ಉಳಿದವ್ರಿಗೊಂದು ಅಂತ ನಡೆಸೋದು ಸುಲಭ ಅಲ್ಲ. ಅದಕ್ಕೇ ನಿಮಗೆ ಪ್ರಳಯ ಕಾಣ್ಲಿಲ್ಲ. ರೂಲೇ ಇಲ್ಲದ ಕಾಲದಲ್ಲಿ ಏನಾಗಿತ್ತು ನೋಡಿ, 2007ರಲ್ಲಿ ಅಲ್ಲಿನ ಬ್ರಾಡ್‌ಬ್ಯಾಂಡ್ ಕಂಪನಿ ಕಾಮ್‌ಕಾಸ್ಟ್ ಗಿರಾಕಿಗಳಿಗೆ ಹೇಳ್ದೇನೇ ಫೈಲ್ ಹಂಚ್ಕೊಳ್ಳೋ ಬಿಟ್‌ಟೊರೆಂಟಿನ ಟ್ರಾಫಿಕ್‌ಗೆ ಅಡ್ಡಗಾಲು ಹಾಕ್ತಿದ್ದಿದ್ದು ಬಯಲಾಯ್ತು.

ಅಲ್ಲಿನ ಜಗಳದ ಬೇರು ಅಂದ್ರೆ ಬ್ರಾಡ್‌ಬ್ಯಾಂಡು ಫೋನಿನ ತರದ ಸೇವೆನಾ ಅಥವಾ ಬರೀ ಮಾಹಿತಿ ಸೇವೆನಾ ಅನ್ನೋದು, ಫೋನಿನ ತರದ್ದು ಅಂತಾದ್ರೆ ಮಾತ್ರ ಎಫ್‌ಸಿಸಿ ಇಂಥಾ ರೂಲ್ ಹಾಕ್ಬಹುದು. ನಮ್ಮಲ್ಲಿ ಆ ಗೋಜಿಲ್ಲ, ಲೈಸೆನ್ಸ್ ಇಲ್ದೆ ಯಾರೂ ಇಂಟರ್ನೆಟ್ ಮಾರೋ ಹಾಗೇ ಇಲ್ಲ, ಹಾಗಾಗಿ 2018ರಲ್ಲಿ ದೂರಸಂಪರ್ಕ ಇಲಾಖೆ ಈ ಷರತ್ತನ್ನ ಲೈಸೆನ್ಸ್ ಒಳಗೇ ಸೇರಿಸ್ತು. ಯಾವ ಕಂಟೆಂಟನ್ನೂ ತಡೀಬಾರ್ದು, ನಿಧಾನ ಮಾಡಬಾರ್ದು, ಒಬ್ರಿಗೆ ಮಾತ್ರ ಫಾಸ್ಟ್ ಲೇನ್ ಕೊಡಬಾರ್ದು. ಇನ್ನು ಮಾರ್ಕೆಟ್ ನೋಡ್ಕೊಳತ್ತೆ ಅಂದ್ರಲ್ಲ, ಮೊಬೈಲಲ್ಲಿ ನಿಮಗೆ ಎಷ್ಟು ಕಂಪನಿ ಉಳಿದಿದಾವೆ ಅಂತ ಒಂದು ಕೈ ಬೆರಳಲ್ಲೇ ಎಣಿಸಿ ನೋಡಿ.

ಪ್ರಶ್ನೆ, ಹೆಬ್ಬಾಳದಿಂದ, ಬಿಇ ಸ್ಟೂಡೆಂಟ್: ಅಕ್ಕಾ, ಫ್ರೀ ಬೇಸಿಕ್ಸ್ ಬ್ಯಾನ್ ಮಾಡಿದ್ದು ಬಡವರಿಗೆ ಮೋಸ ಅಲ್ವಾ? ಪುಗಸಟ್ಟೆ ಸಿಗ್ತಿತ್ತು. ಆಮೇಲೆ ಜಿಯೋ ಫ್ರೀ ಕೊಟ್ಟಾಗ ಮಾತ್ರ ಯಾರೂ ಕೇಳ್ಲಿಲ್ಲ, ಇದ್ಯಾವ ನ್ಯಾಯ?

ಉತ್ತರ: ಒಳ್ಳೇ ಪ್ರಶ್ನೆ ಕಣಪ್ಪ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದು ಒಳ್ಳೇದಾಯ್ತು. ಫ್ರೀ ಬೇಸಿಕ್ಸಲ್ಲಿ ಫೇಸ್‌ಬುಕ್ ಆರಿಸಿದ ಸೈಟುಗಳು ಮಾತ್ರ ಪುಗಸಟ್ಟೆ, ಅದರಾಚೆ ಕಾಲಿಟ್ರೆ ದುಡ್ಡು. ಮುಂಚೆ ಅದರ ಹೆಸರು ಇಂಟರ್ನೆಟ್ ಡಾಟ್ ಆರ್ಗ್, ಇಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಬಂದಿದ್ದು. ನಮ್ಮ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2016ರ ಫೆಬ್ರವರಿ 8ಕ್ಕೆ ರೂಲ್ ಹೊರಡಿಸ್ತು, ಕಂಟೆಂಟ್ ನೋಡಿ ಡೇಟಾಗೆ ಬೇರೆ ಬೇರೆ ರೇಟ್ ಹಾಕೋ ಹಾಗಿಲ್ಲ, ತಪ್ಪಿದ್ರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚು ಅಂದ್ರೆ 50 ಲಕ್ಷ. ಅದೇ ವರ್ಷ ಸೆಪ್ಟೆಂಬರಲ್ಲಿ ಜಿಯೋ ಬಂದು ಫ್ರೀ ಡೇಟಾ ಕೊಡ್ತಲ್ಲ, ಅದು ಎಲ್ಲಾ ಸೈಟಿಗೂ ಫ್ರೀ. ನೀನು ಫೇಸ್‌ಬುಕ್ ನೋಡು, ವಿಟಿಯು ನೋಟ್ಸ್ ಡೌನ್‌ಲೋಡ್ ಮಾಡು, ಅವರಿಗೆ ಅದು ಕಟ್ಕೊಂಡು ಏನಾಗ್ಬೇಕು. ರೇಟು ಸೊನ್ನೆ ಇರ್ಲಿ ಸಾವಿರ ಇರ್ಲಿ, ಈ ರೂಲ್ ಅದನ್ನ ಕೇಳಲ್ಲ. ಜಿಯೋ ಫ್ರೀ ಕೊಟ್ಟು ಉಳಿದ ಕಂಪನಿಗಳ ಉಸಿರು ಕಟ್ಟಿಸ್ತಾ ಅನ್ನೋದು ಬೇರೆ ಜಗಳ, ಅದು ಕಾಂಪಿಟಿಷನ್ ಕಾನೂನಿಗೆ ಸೇರಿದ್ದು.

ಬೆಂಗಳೂರಿನವರು ಇದ್ರಲ್ಲಿ ಎರಡು ಹೆಸರು ನೆನಪಿಟ್ಕೋಬಹುದು. 2015ರ ಏಪ್ರಿಲಲ್ಲಿ ಏರ್‌ಟೆಲ್ ಝೀರೋ ಅಂತ ಬಂತು, ಆಪ್ ಕಂಪನಿ ದುಡ್ಡು ಕೊಟ್ರೆ ಗಿರಾಕಿಗೆ ಆ ಆಪಿನ ಡೇಟಾ ಫ್ರೀ ಅನ್ನೋ ಲೆಕ್ಕ, ಅದಕ್ಕೆ ಸೇರೋ ಮಾತುಕತೆಯಲ್ಲಿದ್ದ ನಮ್ಮೂರಿನ ಫ್ಲಿಪ್‌ಕಾರ್ಟ್ ಜನರ ಸಿಟ್ಟು ನೋಡಿ ಹಿಂದೆ ಸರೀತು. ಅದೇ ವರ್ಷದ ಕೊನೇಲಿ ನಂದನ್ ನಿಲೇಕಣಿ ಫ್ರೀ ಬೇಸಿಕ್ಸ್ ವಿರುದ್ಧ ಬರೆದ್ರು, ಬಡವರಿಗೆ ಡೇಟಾ ಕೊಡಬೇಕು ಅಂದ್ರೆ ಗ್ಯಾಸ್ ಸಬ್ಸಿಡಿ ತರ ನೇರವಾಗಿ ಕೊಡಿ, ಯಾವ ಸೈಟ್ ನೋಡ್ಬೇಕು ಅಂತ ಅವರೇ ತೀರ್ಮಾನ ಮಾಡ್ಲಿ ಅನ್ನೋದು ವಾದ. ನಂಗೆ ಇವತ್ತಿಗೂ ಅದೇ ಸರಿ ಅನ್ಸತ್ತೆ. ದಂಡದ ಮೊತ್ತ ಮಾತ್ರ ಜೋಕು, 50 ಲಕ್ಷ ಅನ್ನೋದು ಟೆಲಿಕಾಂ ಕಂಪನಿಗೆ ಕಡ್ಲೆಕಾಯಿ ತಿಂದಷ್ಟು.

ಪ್ರಶ್ನೆ, ಯಶವಂತಪುರದಿಂದ: ರೀಚಾರ್ಜ್ ಜೊತೆ ಸಿನಿಮಾ ಆಪ್ ಸಬ್‌ಸ್ಕ್ರಿಪ್ಷನ್ ಫ್ರೀ ಕೊಡ್ತಾರಲ್ಲ, ಅದು ತಪ್ಪಲ್ವಾ ಹಾಗಾದ್ರೆ?

ಉತ್ತರ: ಅಲ್ಲ. ಆಪಿನ ಚಂದಾ ಫ್ರೀ ಅಷ್ಟೆ, ನೋಡಿದಾಗ ಡೇಟಾ ನಿಮ್ಮ ಪ್ಯಾಕಿಂದಾನೇ ಕಟ್ ಆಗತ್ತೆ. ಆ ಆಪಿನ ಡೇಟಾನೂ ಲೆಕ್ಕಕ್ಕಿಲ್ಲ ಅಂದಿದ್ರೆ ತಪ್ಪಾಗ್ತಿತ್ತು.

ಪ್ರಶ್ನೆ, ಮಹಾಲಕ್ಷ್ಮಿ ಲೇಔಟಿಂದ: ನಮ್ಮನೇಲಿ 100 ಎಂಬಿಪಿಎಸ್ ಪ್ಲಾನು. ದಿನಾ ರಾತ್ರಿ 9 ಗಂಟೆ ಮೇಲೆ ಯೂಟ್ಯೂಬ್ ಸುತ್ತುತಾ ಕೂತಿರತ್ತೆ, ಸ್ಪೀಡ್ ಟೆಸ್ಟ್ ಹಾಕಿದ್ರೆ ಮಾತ್ರ 98 ತೋರಿಸತ್ತೆ. ಕೇಬಲ್ ಹುಡುಗನ್ನ ಕೇಳಿದ್ರೆ ನೋಡಿ ಅಂಕಲ್ ಸ್ಪೀಡ್ ಬರ್ತಿದ್ಯಲ್ಲ ಅಂತಾನೆ. ಬೇಕಂತಲೇ ಯೂಟ್ಯೂಬ್ ನಿಧಾನ ಮಾಡ್ತಿದಾರೆ ಅಲ್ವಾ, ಇದು ನ್ಯೂಟ್ರಾಲಿಟಿ ಕೇಸೇ ಅಲ್ವಾ?

ಉತ್ತರ: ಇರಬಹುದು ಅಂಕಲ್, ಆದ್ರೆ ಹತ್ತರಲ್ಲಿ ಒಂಬತ್ತು ಸಲ ಅದಕ್ಕಿಂತ ಸಾದಾ ಕಾರಣ ಇರತ್ತೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಗ್ರೂಪಲ್ಲಿ ಅರ್ಧ ಜಗಳ ಇಲ್ಲೇ ಹುಟ್ಟೋದು.

ಸ್ಪೀಡ್ ಟೆಸ್ಟ್ ಆಪು ಹತ್ತಿರದ ಸರ್ವರ್ ಹುಡುಕತ್ತೆ, ಬಹಳ ಸಲ ಆ ಸರ್ವರ್ ನಿಮ್ಮ ಐಎಸ್‌ಪಿಯ ನೆಟ್‌ವರ್ಕ್ ಒಳಗೇ ಕೂತಿರತ್ತೆ. ಅಂದ್ರೆ ನಿಮ್ಮನೆಯಿಂದ ಅವರ ಆಫೀಸಿನ ತನಕ ಮಾತ್ರ ಅಳತೆ ಆಯ್ತು, ಅಲ್ಲಿಂದಾಚೆ ಗೂಗಲ್ ತನಕ ದಾರಿ ಹೇಗಿದೆ ಅಂತ ಅದು ಹೇಳಲ್ಲ. ದೊಡ್ಡ ಐಎಸ್‌ಪಿಗಳ ರ‍್ಯಾಕಲ್ಲಿ ಗೂಗಲ್ಲು, ನೆಟ್‌ಫ್ಲಿಕ್ಸು ತಮ್ಮ ಕ್ಯಾಶ್ ಸರ್ವರ್ (ಜನ ಜಾಸ್ತಿ ನೋಡೋ ವಿಡಿಯೋಗಳ ಕಾಪಿ ಇಟ್ಕೊಳ್ಳೋ ಕಂಪ್ಯೂಟರ್) ಪುಕ್ಕಟೆ ಇಟ್ಟಿರ್ತಾವೆ, ವಿಡಿಯೋ ಅಲ್ಲಿಂದಾನೇ ಬರತ್ತೆ. ಸಣ್ಣವರಿಗೆ ಅಷ್ಟು ಟ್ರಾಫಿಕ್ ಇರಲ್ಲ, ಅವರು ದೊಡ್ಡವರಿಂದ ಬ್ಯಾಂಡ್‌ವಿಡ್ತ್ ಕೊಳ್ತಾರೆ, ರಾತ್ರಿ ಊಟ ಮುಗಿಸಿ ಇಡೀ ಏರಿಯಾ ಟಿವಿ ಮುಂದೆ ಕೂತಾಗ ಆ ಲಿಂಕು ತುಂಬಿ ಹೋಗತ್ತೆ. ಬೇಕಂತ ಮಾಡಿದ್ದಲ್ಲ, ಕೊಳ್ಳಬೇಕಾದಷ್ಟು ಕೊಂಡಿಲ್ಲ.

ಮನೆ ಕಡೆಗೂ ಒಂದು ಹಂಚಿಕೆ ಇದೆ. ಕಂಬದ ಮೇಲೋ ಬಿಲ್ಡಿಂಗಿನ ಶಾಫ್ಟಲ್ಲೋ ಒಂದು ಫೈಬರನ್ನ ಹಲವು ಮನೆಗೆ ಕವಲೊಡೆಸೋ ಸ್ಪ್ಲಿಟರ್ ಡಬ್ಬಿ ಇರತ್ತೆ. ಜಿಪಾನ್ ಅನ್ನೋ ಫೈಬರ್ ತಂತ್ರಜ್ಞಾನ ಆದ್ರೆ ಒಂದು ಪೋರ್ಟಿಗೆ ಸುಮಾರು 2.5 ಜಿಬಿಪಿಎಸ್ ಡೌನ್‌ಲೋಡು, ಅದನ್ನ 32 ಇಲ್ಲಾ 64 ಮನೆಗೆ ಹಂಚ್ತಾರೆ. 64 ಮನೆಗೂ 100 ಎಂಬಿಪಿಎಸ್ ಮಾರಿದ್ರೆ ಲೆಕ್ಕ ನೀವೇ ಹಾಕಿ. ಎಲ್ಲರೂ ಒಟ್ಟಿಗೆ ಫುಲ್ ಎಳೆಯಲ್ಲ ಅನ್ನೋ ನಂಬಿಕೆ ಮೇಲೆ ಈ ವ್ಯಾಪಾರ ನಡಿಯೋದು, ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಇಲ್ಲಿ ತುಂಬಿದ್ರೆ ಸ್ಪೀಡ್ ಟೆಸ್ಟಲ್ಲೂ ಇಳೀಬೇಕು. ನಿಮಗೆ 98 ಬರ್ತಿದೆ ಅಂದ್ಮೇಲೆ ತೊಂದ್ರೆ ಇರೋದು ಆಚೆ ಕಡೆ.

ಇವತ್ತು ರಾತ್ರಿ ಹೀಗೆ ಮಾಡಿ. ಲ್ಯಾಪ್‌ಟಾಪನ್ನ ಮನೆಯೊಳಗೆ ಫೈಬರ್ ಬಂದು ಸೇರೋ ಡಬ್ಬಿಗೆ, ಓಎನ್‌ಯು ಅಂತಾರಲ್ಲ ಅದಕ್ಕೆ, ವೈರಲ್ಲೇ ಚುಚ್ಚಿ, ವೈಫೈ ಬೇಡ. ಯೂಟ್ಯೂಬ್ ಸುತ್ತೋ ಹೊತ್ತಲ್ಲೇ ಫಾಸ್ಟ್ ಡಾಟ್ ಕಾಮ್ ಹಾಕಿ, ಅದು ನೆಟ್‌ಫ್ಲಿಕ್ಸಿನದು, ನೆಟ್‌ಫ್ಲಿಕ್ಸ್ ಸರ್ವರಿಂದಾನೇ ಅಳೆಯತ್ತೆ. ಆಮೇಲೆ ಒಂದು ಒಳ್ಳೇ ವಿಪಿಎನ್ ಆನ್ ಮಾಡಿ ಅದೇ ವಿಡಿಯೋ ಹಾಕಿ, ವಿಪಿಎನ್ ಅಂದ್ರೆ ನಿಮ್ಮ ಟ್ರಾಫಿಕನ್ನ ಮುಚ್ಚಿ ಬೇರೆ ಸರ್ವರ್ ಮೂಲಕ ಕಳಿಸೋ ಆಪು. ವಿಪಿಎನ್‌ನಲ್ಲಿ ಸಲೀಸಾಗಿ ಓಡಿ, ತೆಗೆದ ತಕ್ಷಣ ನಿಂತ್ರೆ ನಿಮ್ಮ ಐಎಸ್‌ಪಿಯಿಂದ ಯೂಟ್ಯೂಬ್‌ಗೆ ಹೋಗೋ ದಾರೀಲೇ ಸಮಸ್ಯೆ. ಲಿಂಕ್ ತುಂಬಿದ್ಯಾ, ಕೈವಾಡ ಇದ್ಯಾ ಅಂತ ಇಷ್ಟರಲ್ಲೇ ಹೇಳಕ್ಕಾಗಲ್ಲ, ಆದ್ರೆ ಹುಡುಗ ಬಂದು ಮತ್ತೆ 98 ತೋರಿಸಿದ್ರೆ ಬಾಯಿ ಮುಚ್ಚಿಸೋಕೆ ಸಾಕು.

ಲಿಂಕ್ ತುಂಬಿದಾಗ ಎಲ್ಲಾ ಟ್ರಾಫಿಕನ್ನೂ ಒಂದೇ ಥರ ತಾತ್ಕಾಲಿಕವಾಗಿ ಹಿಡಿತ ಮಾಡೋಕೆ ರೂಲಲ್ಲೇ ಅವಕಾಶ ಇದೆ. ಒಂದು ಆಪನ್ನ ಆರಿಸ್ಕೊಂಡು ಮಾಡಿದ್ರೆ ತಪ್ಪು. ಕಷ್ಟ ಏನಂದ್ರೆ ಇವೆರಡನ್ನ ಹೊರಗಿಂದ ಬೇರೆ ಮಾಡಿ ಅಳೆಯೋರು ಯಾರು? ಟ್ರಾಯ್ 2020ರ ಸೆಪ್ಟೆಂಬರಲ್ಲಿ ಕಂಪನಿಗಳು, ಗ್ರಾಹಕರು, ತಜ್ಞರು ಎಲ್ಲಾ ಸೇರಿದ ಒಂದು ಸಂಸ್ಥೆ ಮಾಡಿ, ಅದು ಇದನ್ನ ಗಮನಿಸ್ಲಿ ಅಂತ ಶಿಫಾರಸು ಮಾಡ್ತು. ಅಂಥದ್ದೊಂದು ಬಂದು ನನ್ನ ಕ್ಲೈಂಟುಗಳ ಹತ್ರ ಒಂದು ಲಾಗ್ (ನೆಟ್‌ವರ್ಕ್ ದಾಖಲೆ) ಕೇಳಿದ್ದು ನಾನಂತೂ ನೋಡಿಲ್ಲ. ನನ್ನ ದೂರು ಇರೋದು ಇಲ್ಲಿ, ಪೇಪರ್ ಮೇಲೆ ನಮ್ಮ ರೂಲ್ಸ್ ಅಮೆರಿಕಕ್ಕಿಂತ ಗಟ್ಟಿ, ಮೀಟರ್ ಹಿಡ್ಕೊಂಡು ಬರೋರು ಇಲ್ಲ.

ಕಾಮೆಂಟ್, ವಿಜಯನಗರದಿಂದ: ನೋಡಿದ್ರಾ, ರೂಲ್ ಮಾಡಿ ಏನು ಉಪಯೋಗ ಆಯ್ತು ಮತ್ತೆ!

ಉತ್ತರ: ರೇಟಿನ ರೂಲಿಂದ ಉಪಯೋಗ ಆಯ್ತಲ್ಲ ಸರ್, ಯಾಕಂದ್ರೆ ರೇಟ್ ಕಾರ್ಡು ಎಲ್ರಿಗೂ ಕಾಣತ್ತೆ. 2014ರ ಡಿಸೆಂಬರಲ್ಲಿ ಏರ್‌ಟೆಲ್ ಇಂಟರ್ನೆಟ್ ಕಾಲ್‌ಗೆ ಬೇರೆ ಚಾರ್ಜ್ ಹಾಕ್ತೀವಿ ಅಂತ ಹೇಳಿ ಗಲಾಟೆ ಆದ್ಮೇಲೆ ವಾಪಸ್ ತಗೊಂಡಿತ್ತು. ಆಗ ರೂಲ್ ಇರ್ಲಿಲ್ಲ, ಗಲಾಟೆ ಒಂದೇ ಗತಿ. ಈಗ ಅಂಥಾ ಪ್ಲಾನ್ ಬರಲ್ಲ, ಬಂದ್ರೆ ಮಾರನೇ ದಿನವೇ ಸಿಕ್ಕಿ ಬೀಳತ್ತೆ. ಸ್ಪೀಡು ಹಾಗಲ್ಲ, ರೂಟರ್ ಒಳಗೆ ಏನ್ ನಡೀತಿದೆ ಅಂತ ನಿಮಗೆ ಕಾಣಲ್ಲ.

ಪ್ರಶ್ನೆ, ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿಂದ: ನಮ್ಮ ಸೊಸೈಟೀಲಿ ಬಿಲ್ಡರ್ ಒಂದೇ ಕಂಪನಿ ಜೊತೆ ಟೈಅಪ್ ಮಾಡ್ಕೊಂಡು ಬೇರೆಯವರನ್ನ ಗೇಟ್ ಒಳಗೇ ಬಿಡ್ತಿಲ್ಲ. ಇದಕ್ಕೂ ನ್ಯೂಟ್ರಾಲಿಟಿ ಕಾನೂನು ಸಹಾಯ ಮಾಡತ್ತಾ?

ಉತ್ತರ: ಇಲ್ಲ, ಆದ್ರೆ ಬೆಂಗಳೂರಲ್ಲಿ ನನ್ನ ಪ್ರಕಾರ ದೊಡ್ಡ ರೋಗ ಇದೇ. ಟ್ರಾಯ್ 2017ರ ಜನವರಿಯಲ್ಲೇ ಬಿಲ್ಡಿಂಗ್ ಒಳಗೆ ಎಲ್ಲಾ ಕಂಪನಿಗೂ ಪ್ರವೇಶ ಸಿಗ್ಬೇಕು, ಒಬ್ಬರಿಗೇ ಬರೆದುಕೊಡೋದು ನಿಲ್ಬೇಕು ಅಂತ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೆ. ಬಿಲ್ಡರ್ ಕೈಯಿಂದ ಅಸೋಸಿಯೇಷನ್‌ಗೆ ಹ್ಯಾಂಡೋವರ್ ಆಗಿದ್ರೆ ಆ ಅಗ್ರಿಮೆಂಟಿನ ಕಾಪಿ ತರಿಸಿ, ಅವಧಿ ಎಷ್ಟಿದೆ, ಡಕ್ಟ್ (ಕೇಬಲ್ ಹೋಗೋ ಪೈಪು) ಯಾರದು, ಒಳಗಿನ ಫೈಬರ್ ಯಾರದು ನೋಡಿ. ಫೈಬರ್ ಕಂಪನಿದೇ ಆಗಿದ್ರೂ ಡಕ್ಟ್ ನಿಮ್ಮದಾಗಿದ್ರೆ ಎರಡನೇಯವರನ್ನ ಕರೆಯೋಕೆ ಅಸೋಸಿಯೇಷನ್ ಸರ್ವಸದಸ್ಯರ ಸಭೇಲಿ (ಜಿಬಿಎಂ) ನಿರ್ಣಯ ಮಾಡಿ. ಬಹಳ ಕಡೆ ಕಮಿಟಿಯವರಿಗೆ ಕ್ಲಬ್‌ಹೌಸ್ ವೈಫೈ ಫ್ರೀ ಸಿಕ್ಕಿರತ್ತೆ, ಅದಕ್ಕೇ ಮಾತಾಡಲ್ಲ, ಅದನ್ನೂ ವಿಚಾರಿಸಿ.

ಪ್ರಶ್ನೆ, ಬಸವನಗುಡಿಯಿಂದ, ನಿವೃತ್ತ ಮೇಷ್ಟ್ರು: ಮಗಳೇ, ನನ್ನ ಭಯ ಬೇರೆ. ಇವತ್ತು ರೂಲ್ ಮಾಡೋ ಅಧಿಕಾರ ಕೊಟ್ರೆ ನಾಳೆ ಅದೇ ಸರ್ಕಾರ ನೆಟ್ಟನ್ನೇ ಬಂದ್ ಮಾಡಲ್ವಾ?

ಉತ್ತರ: ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. ಆದ್ರೆ ನೆಟ್ ಬಂದ್ ಮಾಡೋ ಅಧಿಕಾರ ಇದ್ರಿಂದ ಬಂದಿದ್ದಲ್ಲ, ಅದು 1885ರ ಟೆಲಿಗ್ರಾಫ್ ಕಾಯ್ದೆ ಕಾಲದ್ದು, 2017ರಲ್ಲಿ ಅದಕ್ಕೆ ಪ್ರತ್ಯೇಕ ನಿಯಮ ಬಂತು, ಈಗ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಇದೆ. ನ್ಯೂಟ್ರಾಲಿಟಿ ನಾಳೆ ಬೆಳಿಗ್ಗೆ ರದ್ದಾದ್ರೂ ಆ ಅಧಿಕಾರ ಒಂದಿಂಚೂ ಕಮ್ಮಿ ಆಗಲ್ಲ. ಅದಕ್ಕೆ ಕಡಿವಾಣ ಹಾಕಿದ್ದು ಸುಪ್ರೀಂ ಕೋರ್ಟು, 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಕೇಸಲ್ಲಿ, ಅನಿರ್ದಿಷ್ಟಾವಧಿ ಬಂದ್ ಮಾಡೋ ಹಾಗಿಲ್ಲ, ಆದೇಶ ಪ್ರಕಟ ಮಾಡ್ಬೇಕು ಅಂತು. ನೀವು ಹೋರಾಡೋದಾದ್ರೆ ಆ ಕಡೆ ಹೋರಾಡಿ, ನಾನೂ ಬರ್ತೀನಿ.

ಪ್ರಶ್ನೆ, ಜಯನಗರದಿಂದ: ಟೆಲಿಕಾಂ ಕಂಪನಿಗಳು ಕೇಳೋದ್ರಲ್ಲಿ ತಪ್ಪೇನು? ಟವರ್ ಹಾಕೋರು ಇವರು, ದುಡ್ಡು ಮಾಡೋರು ಯೂಟ್ಯೂಬು, ವಾಟ್ಸಾಪು. ಪಾಲು ಕೊಡ್ಲಿ.

ಉತ್ತರ: ಸಣ್ಣ ಐಎಸ್‌ಪಿ ಮಾಲೀಕರು ನನ್ನ ಹತ್ರ ಇದನ್ನೇ ಗೊಣಗ್ತಾರೆ, ಅವರ ಸಂಕಟ ನಿಜ. ಆದ್ರೆ ಯೂಟ್ಯೂಬ್ ತಾನಾಗೇ ನಿಮ್ಮನೆಗೆ ಬಂದು ನುಗ್ಗಲ್ಲ ಸರ್, ನೀವು ಒತ್ತಿದ್ರೆ ಬರತ್ತೆ, ಆ ಒತ್ತೋದಕ್ಕೆ ನೀವು ತಿಂಗಳು ತಿಂಗಳು ಬಿಲ್ ಕಟ್ಟಿದೀರಿ. ದಕ್ಷಿಣ ಕೊರಿಯಾ ನೋಡಿ, ಅಲ್ಲಿ ಟ್ರಾಫಿಕ್ ಕಳಿಸೋರು ದುಡ್ಡು ಕೊಡಬೇಕು ಅನ್ನೋ ಪದ್ಧತಿ ತಂದ್ರು, ಕೊನೆಗೆ 2024ರ ಫೆಬ್ರವರಿಯಲ್ಲಿ ಲೈವ್ ವಿಡಿಯೋ ಸೈಟ್ ಟ್ವಿಚ್ ನೆಟ್‌ವರ್ಕ್ ಫೀ ತಡೆಯೋಕಾಗಲ್ಲ ಅಂತ ಅಂಗಡಿ ಮುಚ್ಕೊಂಡು ಹೋಯ್ತು. ಗೂಗಲ್ ಹೇಗೋ ಕೊಟ್ಟು ಬದುಕತ್ತೆ, ಕೋರಮಂಗಲದಲ್ಲಿ ಈಗ ತಾನೇ ವಿಡಿಯೋ ಆಪ್ ಶುರು ಮಾಡಿರೋ ಹುಡುಗ ಎಲ್ಲಿಂದ ತರ್ತಾನೆ? ಐಎಸ್‌ಪಿಗಳಿಗೆ ಸಹಾಯ ಮಾಡೋದಾದ್ರೆ ಲೈಸೆನ್ಸ್ ಫೀ ಇಳಿಸಿ, ರೋಡ್ ಅಗೆಯೋಕೆ, ಕಂಬ ಬಳಸೋಕೆ ಪರ್ಮಿಷನ್ ಸಲೀಸು ಮಾಡಿ. ಮರದ ಮೇಲೆ ನೇತಾಡೋ ಕೇಬಲ್ ಕಟ್ ಆಗಿ ಇಡೀ ಬೀದಿ ಆಫ್‌ಲೈನ್ ಹೋಗೋದೂ ಅದ್ರಿಂದ ತಪ್ಪತ್ತೆ.

ಪ್ರಶ್ನೆ, ಮಹಾಲಕ್ಷ್ಮಿ ಲೇಔಟಿಂದ, ಮತ್ತೆ: ಟೆಸ್ಟ್ ಮಾಡ್ತೀನಮ್ಮ. ಆಮೇಲೆ ಟ್ರಾಯ್‌ಗೆ ಬರೀಲಾ?

ಉತ್ತರ: ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸಲ್ಲ ಅಂಕಲ್. ಮೊದ್ಲು ಕಂಪನಿ ಕಸ್ಟಮರ್ ಕೇರ್, ಡಾಕೆಟ್ ನಂಬರ್ (ದೂರಿನ ನಂಬರ್) ತಗೊಳ್ಳದೇ ಫೋನ್ ಇಡಬೇಡಿ. ಸರಿಹೋಗ್ಲಿಲ್ವಾ, ಅದೇ ಕಂಪನಿಯ ಅಪೀಲ್ ಅಥಾರಿಟಿಗೆ ಹೋಗಿ. ಅಲ್ಲೂ ಆಗ್ಲಿಲ್ವಾ, ದೂರಸಂಪರ್ಕ ಇಲಾಖೆಗೆ ಪಿಜಿ ಪೋರ್ಟಲ್ ಅನ್ನೋ ಸರ್ಕಾರದ ದೂರು ವೆಬ್‌ಸೈಟ್ ಮೂಲಕ ಹಾಕಿ, ಇಲ್ಲಾ ಗ್ರಾಹಕರ ವೇದಿಕೆಗೆ ಹೋಗಿ, ಟೆಲಿಕಾಂ ಕೇಸು ಅಲ್ಲಿ ನಡಿಯತ್ತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ದೂರಲ್ಲಿ ಬರೀ ಬಫರ್ ಆಗ್ತಿದೆ ಅಂತ ಬರೀಬೇಡಿ, ಬಿಸಾಕ್ತಾರೆ. ತಾರೀಖು, ಗಂಟೆ, ವೈರಲ್ಲಿ ಅಳೆದಿದ್ದು, ವಿಪಿಎನ್ ಹಾಕಿದಾಗ ಎಷ್ಟು ತೆಗೆದಾಗ ಎಷ್ಟು, ಸ್ಕ್ರೀನ್‌ಶಾಟ್ ಸಮೇತ ಒಂದು ವಾರದ್ದು ಹಾಕಿ. ಹಾಕೋ ಮುಂಚೆ ತಿಂಗಳ ಡೇಟಾ ಕೋಟಾ ಖಾಲಿಯಾಗಿದ್ಯಾ ನೋಡ್ಕೊಳ್ಳಿ, ಅದು ಮುಗಿದ್ಮೇಲೆ ಸ್ಪೀಡ್ ಇಳಿಸೋ ಹಕ್ಕು ಅವರಿಗಿದೆ, ಆಗ ಎಲ್ಲಾ ಸೈಟೂ ಒಂದೇ ಥರ ತೆವಳತ್ತೆ.